ಬೇಸಿಗೆ ರಜೆಯಲ್ಲಿ ಬರುವ ಬಂಡಾಯದ ದಿನ

ಈಸ್ಟರ್ ಭಾನುವಾರ ಸಂಜೆ ಡಬ್ಲಿನ್ನಿನಿಂದ ಮೊಮ್ಮಗಳ ವಿಡಿಯೋ ಕಾಲ್ ಬಂತು. ಮಗ-ಸೊಸೆ ಅಲ್ಲಿ ಕೆಲಸದಲ್ಲಿದ್ದಾರೆ. ಹುಡುಗಿ ಅಲ್ಲಿಯ ಶಾಲೆಗೆ ಹೋಗುತ್ತಾಳೆ, ಮನೆಯಲ್ಲಿ ಗದಗಿನ ಕನ್ನಡ ಮಾತಾಡುತ್ತಾಳೆ. ಅವತ್ತು ಅಪ್ಪನ ಜೊತೆ ದೊಡ್ಡ ಅಂಚೆ ಕಚೇರಿಯ ಮುಂದೆ ನಿಂತು ಬಂದಿದ್ದಳಂತೆ. ಪ್ರತಿ ವರ್ಷ ಈಸ್ಟರ್ ದಿನ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಧ್ವಜ ಅರ್ಧಕ್ಕೆ ಇಳಿಯುತ್ತದೆ, ಒಬ್ಬ ಸೈನಿಕ ಹಳೆಯ ಘೋಷಣೆಯೊಂದನ್ನು ಓದುತ್ತಾನೆ, ರಾಷ್ಟ್ರಪತಿ ಹೂವಿನ ಚಕ್ರ ಇಡುತ್ತಾರೆ. 1916ರಲ್ಲಿ ಐರ್ಲೆಂಡಿನ ಜನ ಬ್ರಿಟಿಷರ ವಿರುದ್ಧ ಆಯುಧ ಹಿಡಿದು ಎದ್ದ ನೆನಪಿಗೆ ಇದು. ಎಲ್ಲ ಹೇಳಿ ಮುಗಿಸಿ ಕೇಳಿದಳು: "ಅಜ್ಜಾ, ನಮ್ಮ ಊರಾಗ ಹಿಂಗ ಯಾರೂ ಎದ್ದಿದ್ದಿಲ್ಲೇನು? ಇದ್ರ ಅವರ ದಿನ ಯಾವಾಗ?"

ಎದ್ದಿದ್ದರು ಅಂದೆ. ದಿನ ಯಾವುದು ಎಂದು ಥಟ್ಟನೆ ಬಾಯಿಗೆ ಬರಲಿಲ್ಲ. ಗದಗ-ಬೆಟಗೇರಿಯಲ್ಲೇ ಹುಟ್ಟಿ ಬೆಳೆದವನು ನಾನು. ಡಬ್ಲಿನ್ನಿನ ತಾರೀಖು ಮೊಮ್ಮಗಳಿಗೆ ಗೊತ್ತು, ಮುಂಡರಗಿಯ ತಾರೀಖು ಅಜ್ಜನಿಗೆ ಗೊತ್ತಿಲ್ಲ. ಆ ರಾತ್ರಿ ಕಪಾಟಿನ ಹಳೆಯ ಪುಸ್ತಕಗಳನ್ನು ಕೆಳಗಿಳಿಸಿದೆ.

ಸಿಕ್ಕ ತಾರೀಖು 1858ರ ಮೇ 24. ಲೆಕ್ಕ ಹಾಕಿ ನೋಡಿದರೆ ಅದು ಸೋಮವಾರ. ಡಬ್ಲಿನ್ನಿನ ಬಂಡಾಯ ಶುರುವಾದ 1916ರ ಏಪ್ರಿಲ್ 24 ಕೂಡ ಸೋಮವಾರವೇ. ಐರ್ಲೆಂಡಿನಲ್ಲಿ ಅದಕ್ಕೂ ಹಿಂದೆ ನಡೆದ ದೊಡ್ಡ ಬಂಡಾಯ 1798ರ ಮೇ 23ರ ರಾತ್ರಿ ಹೊತ್ತಿಕೊಂಡಿತ್ತು. ನಮ್ಮದಕ್ಕಿಂತ ಅರವತ್ತು ವರ್ಷ ಮೊದಲು, ಹೆಚ್ಚುಕಡಿಮೆ ಅದೇ ದಿನ. ಇನ್ನೊಂದು ತಮಾಷೆ ನೋಡಿ, ಮೇ 24 ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬ. ಕ್ಯಾಲೆಂಡರಿನಲ್ಲಿ ಇಂಥ ಆಟ ಬಹಳ ಇರುತ್ತವೆ, ಅದಕ್ಕೆ ಹೆಚ್ಚು ಅರ್ಥ ಹಚ್ಚಬಾರದು. ಆದರೆ ಮಕ್ಕಳಿಗೆ ತಾರೀಖು ನೆನಪಿಡಲು ಇವು ಒಳ್ಳೆಯ ಗಂಟು.

ಮೇ 24 ಬಂದಾಗ ಲಕ್ಷ್ಮೇಶ್ವರದ ಮಗಳ ಮಗ ಬೇಸಿಗೆ ರಜೆಗೆ ನಮ್ಮ ಮನೆಯಲ್ಲೇ ಇದ್ದ. ಏಳನೆಯ ತರಗತಿ ಮುಗಿಸಿದವನು. ಬುತ್ತಿ ಕಟ್ಟಿಸಿಕೊಂಡು ಇಬ್ಬರೂ ಡಂಬಳದ ಬಸ್ಸು ಹತ್ತಿದೆವು. ಡಂಬಳ ಎಂದರೆ ಎಲ್ಲರಿಗೂ ದೊಡ್ಡಬಸಪ್ಪನ ಗುಡಿ ನೆನಪಾಗುತ್ತದೆ, ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗಿದ ಗೋಡೆಯ ಗುಡಿ. ಅದನ್ನೂ ತೋರಿಸಿದೆ. ಆದರೆ ಅವತ್ತು ನಾವು ಹೋಗಿದ್ದು ಒಂದು ಖಜಾನೆಯ ಕಥೆಗಾಗಿ. ಗುಡಿಯ ನೆರಳಿನಲ್ಲಿ ಕೂತು ರೊಟ್ಟಿ ತಿನ್ನುತ್ತ ಕಥೆ ಶುರು ಮಾಡಿದೆ.

ಮುಂಡರಗಿಯ ಭೀಮರಾಯರು ನಾಡಗೌಡರ ಮನೆಯವರು. ಓದಿದವರು. ಬಳ್ಳಾರಿ ಸೀಮೆಯಲ್ಲಿ ಕಂಪನಿ ಸರ್ಕಾರದ ತಹಶೀಲ್ದಾರರಾಗಿದ್ದರು. ಸರ್ಕಾರ ಅವರನ್ನು ಕೆಲಸದಿಂದ ತೆಗೆದುಹಾಕಿತು. ಅಂದರೆ ಅವರು ಬ್ರಿಟಿಷರ ಕಾಗದಪತ್ರ, ತೆರಿಗೆ, ಕಚೇರಿ ಎಲ್ಲವನ್ನೂ ಒಳಗಿನಿಂದ ಕಂಡವರು. ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಕೆಂಚನಗೌಡರು ಅವರ ಜೊತೆಗಾರರು. ಈಗ ಅಲ್ಲಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಇದೆಯಲ್ಲ, ಅದೇ ಹಮ್ಮಿಗಿ.

1857ರಲ್ಲಿ ಉತ್ತರದಲ್ಲಿ ದಂಗೆ ಎದ್ದ ಮೇಲೆ ಸರ್ಕಾರಕ್ಕೆ ಆಯುಧ ಎಂದರೆ ಭಯ ಹತ್ತಿತ್ತು. ಮನೆಯಲ್ಲಿರುವ ಕತ್ತಿ, ಬಂದೂಕು ಒಪ್ಪಿಸಬೇಕು, ಇಲ್ಲವೇ ಪರವಾನಗಿ ತೆಗೆಸಬೇಕು ಎಂದು ಕಾನೂನು ಬಂತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಅದನ್ನು ಒಪ್ಪದೆ ಅದೇ ವರ್ಷದ ನವೆಂಬರಿನಲ್ಲಿ ತಿರುಗಿಬಿದ್ದರು. ಆ ಕಥೆಯ ಲಾವಣಿ ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ಬಂದಿದೆ, ದೊಡ್ಡ ಮಕ್ಕಳಿಗೆ ಗೊತ್ತಿರುತ್ತದೆ. ಅದರ ಕೊನೆಗೆ ಕುರ್ತಕೋಟಿಯ ಕಲ್ಮೇಶನ ಹೆಸರು ಬರುತ್ತದೆ. ಕುರ್ತಕೋಟಿ ನಮ್ಮ ಗದಗ ತಾಲೂಕಿನ ಊರು! ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ತಮ್ಮ ಮೇಲೆ ಕಟ್ಟಿದ ಹಾಡನ್ನು ತಾವೇ ಜೋಪಾನ ಮಾಡಿದ ಹಾಗಾಯಿತು.

ಹಮ್ಮಿಗಿಗೆ ಬರೋಣ. ಅಲ್ಲಿ ಕೂಡಿಟ್ಟಿದ್ದ ಆಯುಧಗಳ ಸುಳಿವು ಸರ್ಕಾರಕ್ಕೆ ಹತ್ತಿ, ಅವುಗಳಿಗೆ ಮೊಹರು ಬಿತ್ತು. ಮೇ 24ರಂದು ಭೀಮರಾಯರು, ಕೆಂಚನಗೌಡರು ಮೊಹರು ಒಡೆದು ಆಯುಧ ಹೊರತೆಗೆದರು. ಅಲ್ಲಿಂದ ಡಂಬಳಕ್ಕೆ ಬಂದು ಸರ್ಕಾರದ ಖಜಾನೆಯ ಮೇಲೆ ಬಿದ್ದರು. ಹುಣ್ಣಿಮೆಗೆ ಮೂರ್ನಾಲ್ಕು ದಿನ ಮಾತ್ರ ಉಳಿದಿತ್ತು, ದಾರಿ ನಡೆಯಲು ಬೆಳದಿಂಗಳು ಬೇಕಾದಷ್ಟಿತ್ತು. ಖಜಾನೆ ಸೂರೆ ಮಾಡಿ ಪೂರ್ವಕ್ಕೆ ತಿರುಗಿ ಕೊಪ್ಪಳದ ಕೋಟೆ ಹಿಡಿದರು.

"ಕೊಪ್ಪಳ ಯಾಕ? ನಮ್ಮ ಲಕ್ಷ್ಮೇಶ್ವರಕ್ಕ ಯಾಕ ಬರ್ಲಿಲ್ಲ?" ಎಂದು ಹುಡುಗ ತಕರಾರು ತೆಗೆದ.

ಒಳ್ಳೆಯ ಪ್ರಶ್ನೆ. ನಾವು ಈಗ ಗದಗ ಜಿಲ್ಲೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅದು ಆದದ್ದೇ 1997ರಲ್ಲಿ. 1858ರಲ್ಲಿ ಗದಗ, ಮುಂಡರಗಿ ಕಂಪನಿಯವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ನರಗುಂದಕ್ಕೆ ಅದರದೇ ರಾಜ. ಕೊಪ್ಪಳ ಹೈದರಾಬಾದ್ ನಿಜಾಮರದು. ಶಿರಹಟ್ಟಿಯ ಅಜ್ಜಿಯ ಮನೆಗೆ ಗದಗಿನ ಹುಡುಗ ಹೋದರೆ ಸರ್ಕಾರವೇ ಬದಲಾಗುತ್ತಿತ್ತು. ಕಂಪನಿಯ ಸೀಮೆಯಲ್ಲಿ ಖಜಾನೆ ಮುರಿದು ನಿಜಾಮರ ಸೀಮೆಯ ಕೋಟೆಯಲ್ಲಿ ಕೂತರೆ ಗಡಿ ಒಂದಿಷ್ಟು ಆಸರೆಯಾದೀತು. ಭೀಮರಾಯರ ಲೆಕ್ಕ ಹೀಗೇ ಇತ್ತು ಎಂಬುದು ನನ್ನ ಊಹೆ. ಕೊಪ್ಪಳದ ಗುಡ್ಡದ ಕೋಟೆಯನ್ನು ನೋಡಿದವರಿಗೆ ಬೇರೆ ಕಾರಣ ಹೇಳಬೇಕಿಲ್ಲ, ಅಷ್ಟು ಬಿಗಿಯಾದ ಜಾಗ ಅದು. ಆದರೆ ಗಡಿ ಯಾರನ್ನೂ ತಡೆಯಲಿಲ್ಲ. ಬಳ್ಳಾರಿಯ ಕಡೆಯಿಂದ ಮೇಜರ್ ಹ್ಯೂಸ್ ಸೈನ್ಯ ತಂದ. ಜೂನ್ 1ರಂದು ಕೋಟೆ ಬಿತ್ತು. ಭೀಮರಾಯರೂ ಕೆಂಚನಗೌಡರೂ ಅಲ್ಲಿಯೇ ಸತ್ತರು.

ಅಷ್ಟರಲ್ಲಿ ಉತ್ತರಕ್ಕೆ ನರಗುಂದವೂ ಎದ್ದಿತ್ತು. ಅಲ್ಲಿಯ ದೊರೆ ಭಾಸ್ಕರರಾವ್ ಭಾವೆ, ಜನ ಕರೆದದ್ದು ಬಾಬಾಸಾಹೇಬ ಎಂದು. ಪುಸ್ತಕ ಕೂಡಿಡುವ ಹುಚ್ಚಿನ ರಾಜ, ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರ ಇಟ್ಟುಕೊಂಡಿದ್ದರು. ಮಕ್ಕಳಿಲ್ಲದ ಅವರು ದತ್ತಕ ತೆಗೆದುಕೊಳ್ಳಲು ಅನುಮತಿ ಕೇಳಿದರೆ ಸರ್ಕಾರ ಇಲ್ಲ ಎಂದಿತು. ಅಂದರೆ ಅವರ ಕಣ್ಣು ಮುಚ್ಚಿದ ದಿನ ರಾಜ್ಯ ಕಂಪನಿಯ ಪಾಲು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಅವರ ಜನ ಮುತ್ತಿ ಕೊಂದರು, ತಲೆಯನ್ನು ನರಗುಂದಕ್ಕೆ ತಂದರು. ಇದನ್ನು ಹುಡುಗನಿಗೆ ಹೇಳಲೋ ಬೇಡವೋ ಎಂದು ಒಂದು ಕ್ಷಣ ನಿಂತೆ. ಹೇಳಿದೆ. ಮುಚ್ಚಿಟ್ಟು ಹೇಳಿದ ಕಥೆ ಅರ್ಧ ಕಥೆ.

ಜೂನ್ 1ರಂದೇ ಕರ್ನಲ್ ಮಾಲ್ಕಮ್‌ನ ಸೈನ್ಯ ನರಗುಂದ ಊರನ್ನು ಹಿಡಿಯಿತು. ಮರುದಿನ ಗುಡ್ಡದ ಕೋಟೆ ಹತ್ತಿದರೆ ಒಳಗೆ ಯಾರೂ ಇಲ್ಲ. ಯಾತ್ರಿಕರ ವೇಷದಲ್ಲಿ ಹೊರಟಿದ್ದ ಬಾಬಾಸಾಹೇಬರು ತೊರಗಲ್ಲಿನ ಕಾಡಿನಲ್ಲಿ ಸಿಕ್ಕಿಬಿದ್ದರು. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ತಾಯಿ ಯಮುನಾಬಾಯಿ, ಹೆಂಡತಿ ಸಾವಿತ್ರಿಬಾಯಿ ಇಬ್ಬರೂ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ನಾಲ್ಕು ವರ್ಷ ಕಳೆದು 1862ರಲ್ಲಿ ಗವರ್ನರ್ ಜನರಲ್ ಕ್ಯಾನಿಂಗ್ ದೇಶದ ರಾಜರಿಗೆಲ್ಲ ದತ್ತಕದ ಸನದು ಹಂಚಿದ. ಅಷ್ಟು ಹೊತ್ತಿಗೆ ನರಗುಂದ ಎಂಬ ಸಂಸ್ಥಾನವೇ ಇರಲಿಲ್ಲ.

"ಒಂಬತ್ತು ದಿನದಾಗ ಮುಗೀತು," ಎಂದು ಹುಡುಗ ಬೆರಳು ಮಡಚಿ ಎಣಿಸಿದ. "ಸೋತ್ರಲ್ಲ ಅಜ್ಜಾ. ಸೋತವರ ದಿನ ಯಾಕ ಮಾಡಬೇಕು?"

ಡಬ್ಲಿನ್ನಿನವರು ಆರೇ ದಿನಕ್ಕೆ ಸೋತರು ಎಂದು ಹೇಳಿದೆ. ಸೋಮವಾರ ಪ್ಯಾಟ್ರಿಕ್ ಪಿಯರ್ಸ್ ಎಂಬ ಶಾಲಾ ಮೇಷ್ಟ್ರು ಅಂಚೆ ಕಚೇರಿಯ ಮುಂದೆ ನಿಂತು ಘೋಷಣೆ ಓದಿದರು, ಶನಿವಾರ ಶರಣಾದರು. ಕೈಸೆರೆಯಾದವರನ್ನು ಬೀದಿಯಲ್ಲಿ ಕರೆದೊಯ್ಯುವಾಗ ಊರಿನ ಜನರೇ ಹಲವರು ಬೈದರು. ಬೈಯಲು ಕಾರಣವಿತ್ತು: ಸತ್ತ ಸುಮಾರು 485 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾವ ಪಕ್ಷಕ್ಕೂ ಸೇರದ ಸಾಮಾನ್ಯರು. ಹದಿನಾರು ವರ್ಷ ಮತ್ತು ಅದಕ್ಕಿಂತ ಚಿಕ್ಕ 40 ಮಕ್ಕಳೂ ಅದರಲ್ಲಿದ್ದರು. ಆಮೇಲೆ ಸರ್ಕಾರ ಮೇ 3ರಿಂದ 12ರವರೆಗೆ ಮುಖಂಡರನ್ನು ಒಬ್ಬೊಬ್ಬರಾಗಿ ಗುಂಡಿಟ್ಟು ಕೊಂದಿತು. ಗಾಯಗೊಂಡು ನಿಲ್ಲಲಾರದ ಜೇಮ್ಸ್ ಕಾನಲಿಯನ್ನು ಕುರ್ಚಿಗೆ ಕಟ್ಟಿ ಕೊಂದರು. ಬೈದ ಜನರ ಮನಸ್ಸು ಅಲ್ಲಿ ತಿರುಗಿತು. ನಮ್ಮ ರಾಷ್ಟ್ರಪತಿಯಾಗಿದ್ದ ವಿ. ವಿ. ಗಿರಿಯವರು ಆಗ ಡಬ್ಲಿನ್ನಿನಲ್ಲಿ ಕಾನೂನು ಓದುತ್ತಿದ್ದ ಹುಡುಗ, ಅದೇ ವರ್ಷ ಊರಿಗೆ ಮರಳಿದರು.

ನಮ್ಮಲ್ಲಿ ನೆನಪು ಯಾಕೆ ಮಂಕಾಯಿತು ಎಂಬುದಕ್ಕೆ ನನಗೆ ಹೊಳೆದ ಒಂದು ಕಾರಣ ಬಹಳ ಸಣ್ಣದು. ಮೇ 24ರಿಂದ ಜೂನ್ 1ರ ತನಕ ಶಾಲೆಗೆ ರಜೆ, ಇಲ್ಲವೇ ಆಗಷ್ಟೇ ಬಾಗಿಲು ತೆರೆದ ದಿನಗಳು. ಆಗಸ್ಟ್ 15ಕ್ಕೆ ಪ್ರಭಾತಫೇರಿ ಇದೆ, ಜನವರಿ 26ಕ್ಕೆ ಕವಾಯತು ಇದೆ. ಭೀಮರಾಯರ ದಿನಕ್ಕೆ ಗಂಟೆ ಬಾರಿಸಲು ಶಾಲೆಯಲ್ಲಿ ಯಾರೂ ಇರುವುದಿಲ್ಲ. ನರಗುಂದದಲ್ಲೇ ನೋಡಿ, ಈಗಿನ ಮಕ್ಕಳು 'ನರಗುಂದ ಬಂಡಾಯ' ಎಂದರೆ 1980ರ ರೈತರ ಹೋರಾಟ ಎಂದುಕೊಳ್ಳುತ್ತಾರೆ. ಅದು ತಪ್ಪಲ್ಲ. ಪ್ರತಿ ಜುಲೈ 21ರಂದು ರೈತರು ಅಲ್ಲಿ ಸೇರುತ್ತಾರೆ, ಹಾಗಾಗಿ ಆ ದಿನ ಉಳಿದಿದೆ. ಡಬ್ಲಿನ್ನಿನವರೂ ತಾರೀಖನ್ನು ನೆಚ್ಚಿಲ್ಲ. ಈಸ್ಟರ್ ನಮ್ಮ ಯುಗಾದಿಯ ಹಾಗೆ ಚಂದ್ರನನ್ನು ಹಿಡಿದು ಬರುವ ಹಬ್ಬ, ವರ್ಷಕ್ಕೊಂದು ದಿನಕ್ಕೆ ಜಾರುತ್ತದೆ. ಸ್ಮರಣೆಯನ್ನು ಹಬ್ಬದ ಸೆರಗಿಗೆ ಕಟ್ಟಿಬಿಟ್ಟಿದ್ದಾರೆ.

ನಮಗೆ ಆ ದಿನಗಳಲ್ಲಿ ಇರುವುದು ಮಾವಿನಹಣ್ಣು, ಮೊದಲ ಮಳೆಯ ಕಾಯುವಿಕೆ, ಅಜ್ಜ-ಅಜ್ಜಿಯ ಮನೆ ತುಂಬ ಮೊಮ್ಮಕ್ಕಳು. ಶಾಲೆ ಬಿಟ್ಟುಕೊಟ್ಟ ಈ ಒಂಬತ್ತು ದಿನ ನಮ್ಮ ಪಾಲಿಗೇ ಬಂದ ಹಾಗಾಯಿತಲ್ಲ ಎಂದು ಡಂಬಳದಲ್ಲಿ ಕೂತಾಗ ಅನಿಸಿತು. ಖರ್ಚು ಏನು? ಎರಡು ಬಸ್ಸಿನ ಟಿಕೆಟ್ಟು, ಒಂದು ಬುತ್ತಿ.

ಮಧ್ಯಾಹ್ನ ಮುಂಡರಗಿಗೆ ಹೋದೆವು. ಬಿಸಿಲು ಸುಡುತ್ತಿತ್ತು. ಕೊಪ್ಪಳದ ಬಸ್ಸು ಎದುರಿಗೇ ನಿಂತಿದ್ದರೂ ನನ್ನ ಮೊಣಕಾಲು ಗುಡ್ಡಕ್ಕೆ ಒಪ್ಪಲಿಲ್ಲ. ಕಬ್ಬಿನಹಾಲು ಕುಡಿಯುತ್ತ ಹುಡುಗ ಡಂಬಳದ ಮಾತಿಗೇ ಮರಳಿದ. "ಖಜಾನಿ ಕಾಯಾಂವ್ರೂ ನಮ್ಮ ಮಂದೀನ ಇದ್ದಿರಬೇಕಲ್ಲ?" ಎಂದ. ಕಂಪನಿಯ ಸಿಪಾಯಿಗಳೆಲ್ಲ ಹೆಚ್ಚಾಗಿ ಈ ನೆಲದವರೇ ಎಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಅದಕ್ಕೆ ಏನನ್ನೂ ಸೇರಿಸಲಿಲ್ಲ.

ರಾತ್ರಿ ಡಬ್ಲಿನ್ನಿಗೆ ಫೋನು ಹಚ್ಚಿದೆವು. ಅಕ್ಕನಿಗೆ ಕಥೆ ಹೇಳಿದ್ದು ಅವನೇ. ಹಮ್ಮಿಗಿಯ ಮೊಹರು ಒಡೆದದ್ದನ್ನು ನಾನು ಹೇಳಿದ್ದಕ್ಕಿಂತ ಜೋರಾಗಿ ಹೇಳಿದ, ಖಜಾನೆಯ ಕಾವಲುಗಾರರನ್ನೂ ಮರೆಯಲಿಲ್ಲ. ಅವಳು ಮಧ್ಯೆ ತಡೆದು ಕೆಂಚನಗೌಡರ ಹೆಸರನ್ನು ಎರಡು ಸಲ ಹೇಳಿಸಿಕೊಂಡಳು, ಅಲ್ಲಿಯ ಗೆಳತಿಯರಿಗೆ ಬರೆದು ತೋರಿಸಬೇಕಂತೆ.

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ಮೇ 24, ಮೇ 29, ಜೂನ್ 1ರ ಸುತ್ತ ಪೆನ್ಸಿಲಿನ ಗುಂಡು ಗೆರೆಗಳಿವೆ. ಜೂನ್ 12ರ ಹೊತ್ತಿಗೆ ಶಾಲೆ ಶುರುವಾಗಿರುತ್ತದೆ. ಅವತ್ತು ಪ್ರಾರ್ಥನೆಯ ವೇಳೆಗೆ ಎರಡು ನಿಮಿಷ ಮಾತಾಡಲು ಮೇಷ್ಟ್ರನ್ನು ಕೇಳುತ್ತೇನೆ ಎಂದು ಹೇಳಿ ಹುಡುಗ ಲಕ್ಷ್ಮೇಶ್ವರದ ಬಸ್ಸು ಹತ್ತಿದ.