ರಕ್ತದಲ್ಲಿ ಬರೆದ ಲೆಕ್ಕ

ಚಿಕ್ಕಂದಿನಲ್ಲಿ ನನಗೆ ಪೆಟ್ರೋಲ್ ಬಂಕಿನ ವಾಸನೆಯೆಂದರೆ ಬಲು ಪ್ರೀತಿ. ತಂದೆಯವರ ಸ್ಕೂಟರಿನ ಮುಂದೆ ನಿಂತು ಅದನ್ನು ಎದೆತುಂಬ ಎಳೆದುಕೊಳ್ಳುತ್ತಿದ್ದೆ. ಆ ಪೆಟ್ರೋಲಿನಲ್ಲಿ ಸೀಸ ಬೆರೆತಿತ್ತೆಂದು ತಿಳಿದದ್ದು ಬಹುಕಾಲದ ಮೇಲೆ. ಎಂಜಿನ್ನಿನ ಬಡಿತವನ್ನು ತಡೆಯಲೆಂದು ಬೆರೆಸಿದ ಸೀಸ ಹೊಗೆಯೊಡನೆ ಬೀದಿಗಿಳಿದು, ಧೂಳಾಗಿ ಕುಳಿತು, ಮಕ್ಕಳ ಬೆರಳುಗಳಿಂದ ಬಾಯಿಗೆ ಸೇರುತ್ತಿತ್ತು. ಎಳೆಯ ಮಿದುಳಿಗೆ ಅದು ಶತ್ರು.

ಗಾಳಿಯಲ್ಲಿ ವಿಷ ಎಷ್ಟಿದೆಯೆಂದು ಅಳೆಯಬಹುದು. ಆದರೆ ಅದರಲ್ಲಿ ನಮ್ಮೊಳಗೆ ಸೇರಿದ್ದೆಷ್ಟು? ಉತ್ತರ ಹೇಳಬಲ್ಲದ್ದು ದೇಹವೇ. ಉಸಿರು, ಅನ್ನ, ನೀರು, ಯಾವ ಬಾಗಿಲಿನಿಂದ ಬಂದರೂ ಅಲ್ಲಿ ಎಲ್ಲವೂ ಒಂದೇ ಖಾತೆಗೆ ಜಮೆಯಾಗುತ್ತದೆ. ಹಲವು ಕೀಟನಾಶಕಗಳು ಕೆಲವೇ ದಿನಗಳಲ್ಲಿ ರೂಪಾಂತರಗೊಂಡು ಹೊರಬೀಳುತ್ತವೆ. ಅವನ್ನು ಮೂತ್ರದಲ್ಲಿ ಹುಡುಕಬೇಕು. ಸೀಸವಾದರೋ ರಕ್ತದಲ್ಲಿ ವಾರಗಟ್ಟಲೆ ಸುಳಿದಾಡಿ, ಮೂಳೆಯಲ್ಲಿ ದಶಕಗಳ ಕಾಲ ಮನೆಮಾಡುತ್ತದೆ.

ಅಮೆರಿಕದಲ್ಲಿ 1976ರಿಂದ 1980ರವರೆಗೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಸಾವಿರಾರು ಜನರ ರಕ್ತವನ್ನು ಪರೀಕ್ಷಿಸಿದರು. ಅದೇ ಅವಧಿಯಲ್ಲಿ ಅಲ್ಲಿ ಪೆಟ್ರೋಲಿನ ಸೀಸವನ್ನು ಕಡಿಮೆ ಮಾಡುತ್ತಿದ್ದರು. ರಕ್ತದಲ್ಲಿನ ಸೀಸದ ಸರಾಸರಿ ಸುಮಾರು ಶೇಕಡಾ 37ರಷ್ಟು ಇಳಿಯಿತು. ಎರಡು ರೇಖೆಗಳೂ ನೊಗಕ್ಕೆ ಕಟ್ಟಿದ ಜೋಡೆತ್ತುಗಳಂತೆ ಜೊತೆಯಾಗಿ ಸಾಗಿದ್ದವು. 1982ರಲ್ಲಿ ನಿಯಮವನ್ನು ಸಡಿಲಿಸುವ ಮಾತು ಹೊರಟಾಗ ಈ ರಕ್ತಸಾಕ್ಷ್ಯ ಎದುರು ನಿಂತಿತು. 1985ರಲ್ಲಿ ನಿಯಮ ಮತ್ತಷ್ಟು ಬಿಗಿಯಾಯಿತು. ಭಾರತದಲ್ಲಿ 2000ದಲ್ಲಿ ಸೀಸಸಹಿತ ಪೆಟ್ರೋಲಿನ ಮಾರಾಟ ನಿಂತಿತು. 2021ರಲ್ಲಿ ಕೊನೆಯದಾಗಿ ಅಲ್ಜೀರಿಯವೂ ಅದನ್ನು ಕೈಬಿಟ್ಟಿತು.

ಎಲ್ಲರ ತೋಳಿಗೂ ಸೂಜಿ ಚುಚ್ಚುವುದು ಆಗುವ ಮಾತಲ್ಲ. ಆಗ ಊರಿನ ಕೊಳಚೆನೀರೇ ಊರಿನ ಮೂತ್ರಪರೀಕ್ಷೆಯಾಗುತ್ತದೆ. ಇಟಲಿಯ ವಿಜ್ಞಾನಿಗಳು ಕೊಕೇನ್ ದೇಹದಲ್ಲಿ ಮಾರ್ಪಟ್ಟು ಉಳಿಸುವ ಶೇಷವನ್ನು ಪೋ ನದಿಯಲ್ಲಿ ಅಳೆದರು. ನೇರವಾಗಿ ಚೆಲ್ಲಿದ್ದಲ್ಲ, ದೇಹವನ್ನು ಹಾದು ಬಂದದ್ದೆಂಬುದಕ್ಕೆ ಆ ಶೇಷವೇ ಗುರುತು. ನದಿ ದಿನವೂ ಸುಮಾರು 4 ಕಿಲೋಗ್ರಾಂ ಕೊಕೇನಿಗೆ ಸಮನಾದಷ್ಟನ್ನು ಹೊತ್ತೊಯ್ಯುತ್ತಿದೆಯೆಂದು 2005ರಲ್ಲಿ ಪ್ರಕಟಿಸಿದರು. ಈಗ ಕೀಟನಾಶಕಗಳ, ಪ್ಲಾಸ್ಟಿಕ್ಕಿಗೆ ಬೆರೆಸುವ ರಾಸಾಯನಿಕಗಳ ಶೇಷವನ್ನೂ ಹೀಗೆಯೇ ಅರಸುತ್ತಾರೆ. ಕೊಳಚೆನೀರು ಯಾರ ಹೆಸರನ್ನೂ ಹೇಳುವುದಿಲ್ಲ. ಅದು ಅದರ ಸೌಜನ್ಯ. ಅದೇ ಅದರ ಮಿತಿ. ಯಾವ ಮನೆಯ ಮಗು ಹೆಚ್ಚು ವಿಷವುಂಡಿತೆಂದು ತಿಳಿಯಲು ಮತ್ತೆ ರಕ್ತವನ್ನೇ ಕೇಳಬೇಕು.

ನನ್ನ ಮೂಳೆಗಳಲ್ಲಿ ಆ ಬಾಲ್ಯದ ಸೀಸ ಇನ್ನೂ ಉಳಿದಿರಬಹುದು. ಮೊಮ್ಮಗಳು ಈಗ ಅದೇ ಬಂಕಿನ ಮುಂದೆ ನಿಲ್ಲುತ್ತಾಳೆ. ಆ ಹೊಗೆಯ ಸೀಸ ಅವಳಿಗಿಲ್ಲ. ಆದರೆ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕೇರಿಗಳಲ್ಲಿ ಬೆಳೆಯುವ ಮಕ್ಕಳಿದ್ದಾರೆ. ಅವರ ರಕ್ತದ ಲೆಕ್ಕವನ್ನು ನಾವು ಕೇಳಿದ್ದೇವೆಯೇ?