ಬಂಧನದ ನಂತರ: ಜಾಮೀನು ಮುಚ್ಚಳಿಕೆ ಮತ್ತು ವಾರಂಟ್ ಕುರಿತು ಗ್ರಾಮ ಪಂಚಾಯತಿ ಸದಸ್ಯರಿಗೆ ತಿಳುವಳಿಕೆ

ಗ್ರಾಮದಲ್ಲಿ ಯಾರಾದರೂ ಬಂಧನಕ್ಕೊಳಗಾದಾಗ ಅವರ ಕುಟುಂಬದವರು ವಕೀಲರಿಗಿಂತ ಮೊದಲು ತಮ್ಮ ಸದಸ್ಯರ ಮನೆಗೆ ಬರುವುದು ಸಾಮಾನ್ಯ. ಸಾಕ್ಷಿಯಾಗಿ ಸಹಿ ಹಾಕಲು ಅಥವಾ ಜಾಮೀನುದಾರರಾಗಿ ನಿಲ್ಲಲು ಸದಸ್ಯರನ್ನೇ ಕೋರುವುದೂ ಉಂಟು. ಆದುದರಿಂದ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸದಸ್ಯರ ಮಾಹಿತಿಗಾಗಿ ಈ ಕೆಳಗಿನ ಅಂಶಗಳನ್ನು ವಿವರಿಸಲಾಗಿದೆ.

1. ಬಂಧನದ ಸಮಯದಲ್ಲಿ

ದಿನಾಂಕ 01-07-2024ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ಜಾರಿಯಲ್ಲಿದೆ. ಇದರ 36ನೇ ಕಲಮಿನಂತೆ ಪೊಲೀಸರು ಬಂಧನದ ಜ್ಞಾಪನಾಪತ್ರ ಸಿದ್ಧಪಡಿಸಿ, ಕುಟುಂಬದ ಸದಸ್ಯರಿಂದ ಅಥವಾ ಊರಿನ ಗೌರವಾನ್ವಿತ ವ್ಯಕ್ತಿಯಿಂದ ದೃಢೀಕರಿಸಿಕೊಳ್ಳಬೇಕು. ಸದಸ್ಯರಿಗೆ ಸಹಿ ಕೇಳಿದಲ್ಲಿ, ಅದರಲ್ಲಿ ನಮೂದಾದ ದಿನ ಮತ್ತು ವೇಳೆ ಸರಿಯಿದೆಯೇ ಎಂದು ಓದಿ ನೋಡಿದ ನಂತರವೇ ಸಹಿ ಹಾಕತಕ್ಕದ್ದು. ಏಕೆಂದರೆ ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ನಿಯಮದ ಎಣಿಕೆಗೆ ಆ ವೇಳೆಯೇ ಆಧಾರ. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಸುವುದು ಹಾಗೂ ಆತ ಹೆಸರಿಸಿದ ಬಂಧುವಿಗೆ ಸುದ್ದಿ ಮುಟ್ಟಿಸುವುದು ಪೊಲೀಸರ ಕರ್ತವ್ಯವಾಗಿದೆ.

2. ಜಾಮೀನು ಮತ್ತು ಮುಚ್ಚಳಿಕೆ

ಜಾಮೀನೀಯ ಅಪರಾಧಗಳಲ್ಲಿ ಜಾಮೀನು ಆರೋಪಿಯ ಹಕ್ಕು. ಅದನ್ನು ಠಾಣೆಯಲ್ಲಿಯೇ ನೀಡಬಹುದು. ಜಾಮೀನುರಹಿತ ಅಪರಾಧಗಳಲ್ಲಿ ನ್ಯಾಯಾಲಯವು ಪ್ರಕರಣದ ಸ್ವರೂಪವನ್ನು ನೋಡಿ ತೀರ್ಮಾನಿಸುತ್ತದೆ. ಆರೋಪಿ ತಾನೊಬ್ಬನೇ ಬರೆದುಕೊಡುವುದು ವೈಯಕ್ತಿಕ ಮುಚ್ಚಳಿಕೆ. ಇನ್ನೊಬ್ಬರ ಹೊಣೆಯೊಂದಿಗೆ ಕೊಡುವುದು ಜಾಮೀನು ಮುಚ್ಚಳಿಕೆ. ಮುಚ್ಚಳಿಕೆಯಲ್ಲಿ ಬರೆದ ಮೊತ್ತವನ್ನು ಆಗಲೇ ಕಟ್ಟಬೇಕಾಗಿಲ್ಲ. ಆರೋಪಿ ಷರತ್ತು ಮೀರಿದಾಗ ಮಾತ್ರ ಅದರ ವಸೂಲಿಯ ಪ್ರಶ್ನೆ ಉದ್ಭವಿಸುತ್ತದೆ. ಆದುದರಿಂದ "ಜಾಮೀನಿನ ದುಡ್ಡು" ಎಂದು ಯಾರಾದರೂ ಮಧ್ಯವರ್ತಿ ಹಣ ಕೇಳಿದಲ್ಲಿ ಕೊಡದಂತೆ ಕುಟುಂಬದವರಿಗೆ ತಿಳಿಹೇಳಬೇಕು.

ಜಾಮೀನೀಯ ಅಪರಾಧದಲ್ಲಿ ಬಂಧಿತನು ಬಡವನಾಗಿದ್ದು ಜಾಮೀನುದಾರರನ್ನು ಒದಗಿಸಲಾಗದಿದ್ದರೆ, ಆತನನ್ನು ವೈಯಕ್ತಿಕ ಮುಚ್ಚಳಿಕೆಯ ಮೇಲೆಯೇ ಬಿಡಬೇಕೆಂದು 478ನೇ ಕಲಮು ಹೇಳುತ್ತದೆ. ಬಂಧನವಾಗಿ ಒಂದು ವಾರದೊಳಗೆ ಜಾಮೀನು ಕೊಡಲಾಗದಿದ್ದರೆ, ಆತ ಬಡವನೆಂದು ಭಾವಿಸಲು ಅದೇ ಸಾಕಷ್ಟು ಆಧಾರ.

ನಮ್ಮ ಗಡಿ ಗ್ರಾಮಗಳ ಅನೇಕರ ಬೀಗರು, ಬಂಧುಗಳು ಅಕ್ಕಲಕೋಟೆ, ಸೋಲಾಪುರ ಕಡೆ ಇದ್ದಾರೆ. ಅಂಥವರು ಜಾಮೀನುದಾರರಾಗಬಹುದೇ ಎಂಬ ಪ್ರಶ್ನೆಗೆ 1978ರ ಮೋತಿರಾಮ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಉತ್ತರ ನೀಡಿದೆ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸಗಾರನಿಗೆ 10,000 ರೂಪಾಯಿಗಳ ಜಾಮೀನು ಕೇಳಿ, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಆ ಸಹೋದರನ ಜಾಮೀನನ್ನು ನಿರಾಕರಿಸಲಾಗಿತ್ತು. ಬೇರೆ ಜಿಲ್ಲೆಯವರು ಎಂಬ ಒಂದೇ ಕಾರಣಕ್ಕೆ ಜಾಮೀನುದಾರರನ್ನು ತಿರಸ್ಕರಿಸುವುದನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ.

3. ಜಾಮೀನುದಾರರ ಹೊಣೆ

ಪರಿಚಯದ ದಾಕ್ಷಿಣ್ಯಕ್ಕೆ ಪಹಣಿ ಪತ್ರಿಕೆ ಕೊಟ್ಟು ಸಹಿ ಹಾಕುವವರು ಒಂದು ಸಂಗತಿಯನ್ನು ಮನಗಾಣಬೇಕು. ಆರೋಪಿ ತಲೆಮರೆಸಿಕೊಂಡರೆ ಮುಚ್ಚಳಿಕೆ ಮುಟ್ಟುಗೋಲಾಗುತ್ತದೆ. ನ್ಯಾಯಾಲಯವು ಜಾಮೀನುದಾರರಿಗೆ ನೋಟಿಸು ನೀಡಿ ಮೊತ್ತವನ್ನು ದಂಡದಂತೆ ವಸೂಲು ಮಾಡಬಹುದು. ವಸೂಲಾಗದಿದ್ದರೆ 6 ತಿಂಗಳವರೆಗೆ ಸಿವಿಲ್ ಕಾರಾಗೃಹ ವಾಸಕ್ಕೂ ಅವಕಾಶವಿದೆ. ತಾವು ಎಷ್ಟು ಜನರಿಗೆ ಜಾಮೀನು ನಿಂತಿದ್ದೇವೆ ಎಂಬುದನ್ನು ನ್ಯಾಯಾಲಯಕ್ಕೆ ಘೋಷಿಸುವುದು ಕಡ್ಡಾಯ. ಆರೋಪಿಯ ಮೇಲೆ ನಂಬಿಕೆ ಕಳೆದುಕೊಂಡವರು ಸುಮ್ಮನಿರದೆ, ತಮ್ಮನ್ನು ಹೊಣೆಯಿಂದ ಬಿಡುಗಡೆಗೊಳಿಸುವಂತೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.

4. ವಾರಂಟ್

ಜಾಮೀನು ಸಿಕ್ಕರೆ ಪ್ರಕರಣ ಮುಗಿಯಿತೆಂಬ ತಪ್ಪು ತಿಳುವಳಿಕೆ ಗ್ರಾಮಗಳಲ್ಲಿದೆ. ಕಬ್ಬು ಕಡಿಯಲು ಅಥವಾ ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಗುಳೆ ಹೋದವರು ವಿಚಾರಣೆಯ ತಾರೀಖು ತಪ್ಪಿಸಿದಾಗ ವಾರಂಟ್ ಹೊರಡುತ್ತದೆ. ಜಾಮೀನು ಸಹಿತ ವಾರಂಟಿನಲ್ಲಿ ಮೊತ್ತ ಹಾಗೂ ಜಾಮೀನುದಾರರ ಸಂಖ್ಯೆ ನಮೂದಾಗಿರುತ್ತದೆ. ಅದರಂತೆ ಮುಚ್ಚಳಿಕೆ ಕೊಟ್ಟವರನ್ನು ಪೊಲೀಸರು ಬಿಡಬೇಕು. ಜಾಮೀನುರಹಿತ ವಾರಂಟಿನಲ್ಲಿ ಬಂಧಿಸಿ ನ್ಯಾಯಾಲಯಕ್ಕೆ ಒಯ್ಯಲಾಗುತ್ತದೆ. ವಾರಂಟಿಗೆ ಅವಧಿ ಮೀರುವುದೆಂಬುದಿಲ್ಲ. ಅದು ಜಾರಿಯಾಗುವವರೆಗೆ ಅಥವಾ ಹೊರಡಿಸಿದ ನ್ಯಾಯಾಲಯವೇ ರದ್ದುಪಡಿಸುವವರೆಗೆ ಊರ್ಜಿತದಲ್ಲಿರುತ್ತದೆ. ಜಾಮೀನಿನ ಮೇಲೆ ಬಿಡುಗಡೆಯಾದವರು ಸಕಾರಣವಿಲ್ಲದೆ ಹಾಜರಾಗದಿದ್ದರೆ, ಅದೇ ಒಂದು ವರ್ಷದವರೆಗಿನ ಶಿಕ್ಷೆಗೆ ಗುರಿಯಾಗಬಹುದಾದ ಪ್ರತ್ಯೇಕ ಅಪರಾಧ.

ಆದುದರಿಂದ ಊರು ಬಿಡುವ ಮುನ್ನವೇ ವಕೀಲರಿಗೆ ತಿಳಿಸಿ ಹಾಜರಾತಿಯಿಂದ ವಿನಾಯಿತಿ ಕೋರುವುದು ಸರಿಯಾದ ಮಾರ್ಗ. ವಾರಂಟ್ ಹೊರಟಿದ್ದರೆ ಅಡಗಿಕೊಳ್ಳದೆ, ತಾವಾಗಿಯೇ ನ್ಯಾಯಾಲಯಕ್ಕೆ ಹಾಜರಾಗಿ ಕಾರಣ ತಿಳಿಸಿ ರದ್ದತಿಗೆ ಅರ್ಜಿ ಸಲ್ಲಿಸುವುದು ಹಿತಕರ.

5. ಉಚಿತ ಕಾನೂನು ನೆರವು

ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಲು ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿ, ಕಲಬುರಗಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ಸಹಾಯವಾಣಿ 15100ನ್ನು ಸಂಪರ್ಕಿಸಬಹುದು. ಜಾಮೀನು ಮಂಜೂರಾಗಿ 7 ದಿನಗಳಾದರೂ ಬಿಡುಗಡೆಯಾಗದ ಬಂದಿಗಳ ವಿಷಯವನ್ನು ಕಾರಾಗೃಹದ ಅಧೀಕ್ಷಕರು ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಜನವರಿಯಲ್ಲಿ ನಿರ್ದೇಶಿಸಿದೆ. ಅಂಥ ಕುಟುಂಬ ತಮ್ಮ ವಾರ್ಡಿನಲ್ಲಿದ್ದರೆ ಸದಸ್ಯರೂ ಪ್ರಾಧಿಕಾರದ ಗಮನಕ್ಕೆ ತರಬಹುದು.

ಅಪರಾಧ ನಿರ್ಣಯ ನ್ಯಾಯಾಲಯದ ಕೆಲಸ. ತಿಳಿಯದೆ ತಪ್ಪಿಸಿದ ಒಂದು ತಾರೀಖಿನಿಂದ ಒಂದು ಸಂಸಾರ ಬೀದಿಗೆ ಬರದಂತೆ ನೋಡಿಕೊಳ್ಳುವುದು ಸದಸ್ಯರಿಂದ ಸಾಧ್ಯವಿರುವ ಕೆಲಸ. ಈ ವಿಷಯಗಳನ್ನು ಮುಂದಿನ ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳಲ್ಲಿ ಓದಿ ತಿಳಿಸಬೇಕಾಗಿ ಕೋರಲಾಗಿದೆ.