ಮಂಡಕ್ಕಿ ಬುಟ್ಟಿಯೂ ಮನೆಯ ಮರ್ಯಾದೆಯೂ

ದಾವಣಗೆರೆಯಲ್ಲಿ ಸಂಜೆಯಾಯಿತೆಂದು ತಿಳಿಯಲು ಗಡಿಯಾರ ನೋಡಬೇಕಾಗಿಲ್ಲ. ಓಣಿಯ ತಿರುವಿನಲ್ಲಿ ಬಾಣಲೆಗೆ ಬಿದ್ದ ಮೆಣಸಿನಕಾಯಿಯ ಘಾಟು ತಾನಾಗಿ ಮೂಗಿಗೆ ಬಂದು ಸಾರಿ ಹೇಳುತ್ತದೆ. ಬಡವ ಬಲ್ಲಿದರೆಂಬ ಭೇದವಿಲ್ಲದೆ ಜನ ಗಾಡಿಯ ಸುತ್ತ ನೆರೆಯುತ್ತಾರೆ. ಕಾರಿನಿಂದಿಳಿದ ವಕೀಲರು, ಮಂಡಿಯಿಂದ ಬಂದ ಹಮಾಲಿ, ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು ಮಂಡಕ್ಕಿ ಮೆಣಸಿನಕಾಯಿ ಸವಿಯುತ್ತಾರೆ. ತಿನ್ನುವುದಕ್ಕೆ ಯಾರಿಗೂ ನಾಚಿಕೆಯಿಲ್ಲ. ಆದರೆ ಗಾಡಿಯ ಆಚೆ ಬದಿಯಲ್ಲಿ ನಿಂತು ಮಾರಬೇಕಾಗಿ ಬಂದರೆ? ಆಗ ನಮ್ಮಲ್ಲಿ ಎಷ್ಟು ಮಂದಿಯ ಕಾಲು ಮುಂದೆ ಹೋದೀತು?

ಈ ಪ್ರಶ್ನೆಯನ್ನು ಬದುಕಿನಲ್ಲಿ ಎದುರಿಸಿದ ಹಿರಿಯರೊಬ್ಬರು ನಮ್ಮ ನೆರೆಯಲ್ಲಿದ್ದರು. ಅವರ ಹೆಸರೂ ಬೇಡ, ಅವರು ದುಡಿದ ಗಿರಣಿಯ ಹೆಸರೂ ಬೇಡ. ಅವರಂಥವರು ಆ ಊರಿನ ಓಣಿ ಓಣಿಯಲ್ಲಿ ಇದ್ದರು.

ಗಿರಣಿಯ ಕೂಗು ನಿಂತ ಮೇಲೆ

ಎರೆಮಣ್ಣಿನ ಹತ್ತಿಯ ಸೀಮೆಯ ನಡುವೆ ಬೆಳೆದ ದಾವಣಗೆರೆಗೆ ಹಿಂದೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದಿತ್ತು. ಗಿರಣಿಯ ಕೂಗಿಗೆ ಊರು ಏಳುತ್ತಿತ್ತು, ಗಿರಣಿಯ ಕೂಗಿಗೆ ಉಣ್ಣುತ್ತಿತ್ತು. ಗಿರಣಿಯಲ್ಲಿ ಕಾಯಂ ಕೆಲಸವೆಂದರೆ ಹೆಣ್ಣು ಕೊಡುವವರು ಎರಡನೆಯ ಮಾತು ಆಡುತ್ತಿರಲಿಲ್ಲ. ನೆರೆಯ ಹರಿಹರಕ್ಕೂ ಅಂಥದೇ ಭಾಗ್ಯ. ೧೯೪೧ರಲ್ಲಿ ಅಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದುದ್ದಕ್ಕೂ ಹೆಸರು ಮಾಡಿದ್ದವು.

ಕಾಲ ತಿರುಗಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ದಾವಣಗೆರೆಯ ಗಿರಣಿಗಳು ಒಂದರ ಹಿಂದೊಂದು ನಿಂತವು. ಹೊಸ ಶತಮಾನ ಕಾಲಿಟ್ಟ ಕೆಲವೇ ವರ್ಷಗಳಲ್ಲಿ ಹರಿಹರದ ಆ ದೊಡ್ಡ ಕಾರ್ಖಾನೆಯೂ ಮೌನವಾಯಿತು. ಯಂತ್ರ ನಿಂತರೆ ತುಕ್ಕು ಹಿಡಿಯುತ್ತದೆ, ಅಷ್ಟೆ. ಆದರೆ ಮನುಷ್ಯನಿಗೆ ಮರುದಿನವೂ ಹಸಿವಾಗುತ್ತದಲ್ಲ!

ನಮ್ಮ ನೆರೆಯವರ ಗಿರಣಿ ಮುಚ್ಚಿದಾಗ ಅವರಿಗೆ ನಲವತ್ತೈದರ ಪ್ರಾಯ. ಮನೆಯಲ್ಲಿ ವೃದ್ಧ ತಾಯಿ, ಹೆಂಡತಿ, ಕಾಲೇಜು ಮೆಟ್ಟಿಲೇರಿದ ಮಗಳು, ಹೈಸ್ಕೂಲಿನ ಇಬ್ಬರು ಗಂಡುಮಕ್ಕಳು. ಕೈಗೆ ಬರಬೇಕಾದ ಹಣ ಇಂದು ನಾಳೆ ಎನ್ನುತ್ತ ಮುಂದೆ ಹೋಯಿತು. ಆರು ತಿಂಗಳಲ್ಲಿ ಹೆಂಡತಿಯ ಬಳೆಗಳು ಅಡವಿನ ಅಂಗಡಿ ಸೇರಿದವು. ಬೀದಿಯಲ್ಲಿ ಯಾರಾದರೂ “ಏನು ಅಣ್ಣಾರೆ, ಈಗ ಎಲ್ಲಿ ಕೆಲಸ?” ಎಂದು ಕೇಳಿಯಾರೆಂಬ ಹೆದರಿಕೆಯಿಂದ ಅವರು ಸುತ್ತು ದಾರಿ ಹಿಡಿದು ಮನೆ ಸೇರುತ್ತಿದ್ದರು.

ಹದಿನಾಲ್ಕು ಕಿಲೋಮೀಟರಿನ ಗುಟ್ಟು

ಒಂದು ದಿನ ಅವರು ಬುತ್ತಿ ಕಟ್ಟಿಸಿಕೊಂಡು ಹೊರಟರು. ಹರಿಹರದಲ್ಲಿ ‘ಒಂದು ಕಂಪನಿಯಲ್ಲಿ’ ಕೆಲಸ ಸಿಕ್ಕಿದೆಯೆಂದು ಮನೆಯಲ್ಲಿ ಹೇಳಿದರು. ಎರಡು ಊರುಗಳ ನಡುವೆ ಇರುವುದು ಸುಮಾರು ೧೪ ಕಿಲೋಮೀಟರು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೆ ಆ ಅರ್ಧ ಗಂಟೆಯಲ್ಲಿ ಅವರು ಬೇರೊಬ್ಬ ಮನುಷ್ಯರಾಗುತ್ತಿದ್ದರು. ಹರಿಹರದಲ್ಲಿ ಪರಿಚಯದವನೊಬ್ಬನ ಹಿತ್ತಿಲಿನಲ್ಲಿ ಇಟ್ಟ ಬುಟ್ಟಿಯನ್ನು ಎತ್ತಿಕೊಂಡು, ಇಸ್ತ್ರಿಯ ಅಂಗಿ ಕಳಚಿ ಹಳೆಯದನ್ನು ತೊಟ್ಟು, ಬಸ್ ನಿಲ್ದಾಣದಲ್ಲಿಯೂ ಹರಿಹರೇಶ್ವರನ ಗುಡಿಯ ದಾರಿಯಲ್ಲಿಯೂ ಖಾರಮಂಡಕ್ಕಿ ಮಾರುತ್ತಿದ್ದರು. ದಾವಣಗೆರೆಯ ಬಸ್ಸು ಬಂದರೆ ಕಂಬದ ಮರೆಗೆ ಸರಿಯುತ್ತಿದ್ದರು. ವ್ಯಾಪಾರ ಹೆಚ್ಚಾಗಿ ಆಗುವುದು ಬಸ್ಸು ಬಂದಾಗಲೇ ಎಂಬುದನ್ನು ಹೇಳಬೇಕಾಗಿಲ್ಲ. ನಾಚಿಕೆಗೆ ಅವರು ತೆತ್ತ ಸುಂಕ ಅದು.

ನಾಲ್ಕು ತಿಂಗಳು ಹೀಗೆ ನಡೆಯಿತು. ಗುಟ್ಟು ಒಡೆದದ್ದು ಯಾವ ಚಾಡಿಕೋರನಿಂದಲೂ ಅಲ್ಲ, ಅವರ ಅಂಗಿಯಿಂದ. ಇಪ್ಪತ್ತು ವರ್ಷ ಗಂಡನ ಬಟ್ಟೆಯಿಂದ ಹತ್ತಿಯ ಎಳೆಗಳನ್ನು ಕೊಡವಿ ಒಗೆದ ಹೆಂಗಸು ಆಕೆ. ಈಗ ಆ ಬಟ್ಟೆಯಲ್ಲಿ ಹತ್ತಿಯೂ ಇಲ್ಲ, ಯಂತ್ರದ ಎಣ್ಣೆಯೂ ಇಲ್ಲ. ಈರುಳ್ಳಿಯ ವಾಸನೆ, ಜೇಬಿನ ಮೂಲೆಯಲ್ಲಿ ಪುಟಾಣಿ ಹಿಟ್ಟು. ಆಕೆ ಏನನ್ನೂ ಕೇಳಲಿಲ್ಲ. ಒಂದು ಮುಂಜಾನೆ ಬುತ್ತಿಯ ಜೊತೆಗೆ ತಾನೇ ಕುಟ್ಟಿದ ಖಾರದ ಪುಡಿಯ ಡಬ್ಬಿಯೊಂದನ್ನು ಚೀಲದಲ್ಲಿಟ್ಟು ಇಷ್ಟೇ ಹೇಳಿದಳು:

“ದಿನಾ ಹರಿಹರಕ್ಕೆ ಹೋಗಿ ಬರೋ ಬಸ್ ಚಾರ್ಜು ಯಾಕ್ರಿ ದಂಡ? ನಮ್ಮೂರಾಗ ಏನು ಮಂದಿ ಮಂಡಕ್ಕಿ ತಿನ್ನಂಗಿಲ್ಲೇನು?”

ಆ ಹಿರಿಯರು ಮುಂದೆ ನನ್ನೊಡನೆ ಈ ಸಂಗತಿಯನ್ನು ಹೇಳುವಾಗ ನಗುತ್ತಿದ್ದರು. ಆದರೆ ಅಂದು ಬಾಗಿಲಿನಲ್ಲಿ ನಿಂತು ಅತ್ತುಬಿಟ್ಟರಂತೆ.

ತಿನ್ನುವ ಊರು, ಮಾರುವ ಕೈ

ವಿಚಾರ ಮಾಡಿ ನೋಡಿದರೆ ಇಂಥ ನಾಚಿಕೆಗೆ ದಾವಣಗೆರೆಯಂಥ ಊರಿನಲ್ಲಿ ನೆಲೆಯೇ ಇರಬಾರದು. ಇಂದು ಬೆಂಗಳೂರಿನ ಫಲಕಗಳ ಮೇಲೂ ಮೆರೆಯುವ ‘ದಾವಣಗೆರೆ ಬೆಣ್ಣೆ ದೋಸೆ’ಯ ಮೂಲವನ್ನು ಊರಿನವರು ಒಬ್ಬ ತಾಯಿಗೆ ಒಯ್ದು ಮುಟ್ಟಿಸುತ್ತಾರೆ. ೧೯೨೮ರ ಸುಮಾರಿಗೆ ಬೆಳಗಾವಿ ಜಿಲ್ಲೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮ ಎಂಬಾಕೆ, ನಾಟಕದ ಥಿಯೇಟರಿನ ಬಳಿ ಒಲೆ ಹೂಡಿ ರಾಗಿಯ ದೋಸೆ ಹುಯ್ದು ಮಾರತೊಡಗಿದಳೆಂದು ಹೇಳುತ್ತಾರೆ. ರಾಗಿಯ ಜಾಗಕ್ಕೆ ಅಕ್ಕಿ ಬಂದದ್ದು, ಮೇಲೆ ಬೆಣ್ಣೆ ಬಿದ್ದದ್ದು ಮಕ್ಕಳ ಕಾಲದಲ್ಲಂತೆ. ಬೀದಿಯಲ್ಲಿ ಕುಳಿತು ದೋಸೆ ಮಾರುವುದು ಹೀನವೆಂದು ಆ ತಾಯಿ ಅಂದು ಒಳಗೇ ಉಳಿದಿದ್ದರೆ, ಊರಿಗೆ ಇಂದಿನ ಕೀರ್ತಿ ಎಲ್ಲಿಂದ ಬರುತ್ತಿತ್ತು?

ಇನ್ನೂ ಹಿಂದಕ್ಕೆ ಹೋಗೋಣ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಾಚಯ್ಯ ಬಟ್ಟೆ ಒಗೆದವನು, ನುಲಿಯ ಚಂದಯ್ಯ ಹಗ್ಗ ಹೊಸೆದವನು, ಚೌಡಯ್ಯ ದೋಣಿ ನಡೆಸಿದವನು. ಹರಿಹರವನ್ನು ತಾಗಿ ಹರಿಯುವ ತುಂಗಭದ್ರೆಯ ದಡದಲ್ಲಿಯೇ, ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರ ಆ ಅಂಬಿಗನ ನೆನಪನ್ನು ಇಂದಿಗೂ ಹೊತ್ತು ನಿಂತಿದೆ. ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದಳು. ಆಯುವುದರಲ್ಲಿ ಆಕೆಗೆ ಅವಮಾನ ಕಾಣಲಿಲ್ಲ. ಬೇಕಾದುದಕ್ಕಿಂತ ಹೆಚ್ಚು ಕೂಡಿಡುವುದರಲ್ಲಿ ಕಂಡಿತು. ಕಾಯಕದ ಮಹಿಮೆಯನ್ನು ಸಭೆಗಳಲ್ಲಿ ಹಾಡಿ ಹೊಗಳುವ ನಾವು, ನಮ್ಮ ಮನೆಯ ಹುಡುಗ ತಟ್ಟೆ ತೊಳೆಯುತ್ತಾನೆಂದರೆ ಮುಖ ಮುಚ್ಚಿಕೊಳ್ಳುತ್ತೇವೆ!

ಇದು ಮುಗಿದುಹೋದ ಕಾಲದ ಮಾತೂ ಅಲ್ಲ. ೨೦೨೦ರ ಲಾಕ್‌ಡೌನಿನ ತಿಂಗಳುಗಳಲ್ಲಿ ಖಾಸಗಿ ಶಾಲೆಗಳ ಎಷ್ಟೋ ಮಂದಿ ಶಿಕ್ಷಕರು ಸಂಬಳವಿಲ್ಲದೆ ತರಕಾರಿ ಮಾರಿದರು, ಉದ್ಯೋಗ ಖಾತರಿಯ ಕೂಲಿಗೆ ಹೋಗಿ ಮಣ್ಣು ಹೊತ್ತರು. ನಿನ್ನೆ ಪಾಠ ಹೇಳಿದ ಬಾಯಿಂದ ಇಂದು “ತರಕಾರೀ” ಎಂದು ಕೂಗುವುದು ಎಷ್ಟು ಕಷ್ಟವೆಂಬುದು ಕೂಗಿದವರಿಗೇ ಗೊತ್ತು.

ವರನ ಕಡೆಯವರ ಪ್ರಶ್ನೆ

ನಮ್ಮ ನೆರೆಯವರು ದಾವಣಗೆರೆಯಲ್ಲಿಯೇ ಗಾಡಿ ಹಾಕಿದರು. ಮೊದಲ ವಾರ ತಲೆ ಎತ್ತಲಿಲ್ಲ. ಗಿರಣಿಯ ಹಳೆಯ ಜೊತೆಗಾರರು ಬಂದು ನಿಂತರು. ಅವರಲ್ಲೊಬ್ಬ ಆಟೋ ಓಡಿಸುತ್ತಿದ್ದ, ಇನ್ನೊಬ್ಬ ರಾತ್ರಿ ಕಾವಲುಗಾರನಾಗಿದ್ದ. ಒಬ್ಬರಿಗೊಬ್ಬರು ಮುಖ ತೋರಿದ ಮೇಲೆ ನಾಚಿಕೆ ಹಂಚಿಹೋಗಿ ಹಗುರಾಯಿತು. ಆದರೆ ಎಲ್ಲವೂ ಸುಗಮವಾಯಿತೆಂದು ಹೇಳಿದರೆ ಸುಳ್ಳಾದೀತು. ಒಬ್ಬ ಹತ್ತಿರದ ಬಂಧು ಮದುವೆಯ ಕರೆಯೋಲೆ ಕೊಡುವುದನ್ನು ‘ಮರೆತ’. ಮಗಳನ್ನು ನೋಡಲು ಬಂದ ಮೊದಲ ಸಂಬಂಧದವರು, ತಂದೆಯ ಉದ್ಯೋಗವೇನೆಂದು ಕೇಳಿ, ಕೊಟ್ಟ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು.

ಎರಡನೆಯವರು ಬಂದಾಗ, ಏನಾದರೂ ಮರೆಮಾಚಿ ಹೇಳಿ ಎಂದು ವೃದ್ಧ ತಾಯಿ ಅಂಗಲಾಚಿದರು. ಅವರು ಒಪ್ಪಲಿಲ್ಲ. “ಮಂಡಕ್ಕಿ ಮಾರುತ್ತೇನೆ. ಮೂವರನ್ನೂ ಅದರಲ್ಲೇ ಓದಿಸುತ್ತಿದ್ದೇನೆ” ಎಂದರು. ವರನ ತಂದೆ ತುಸು ಹೊತ್ತು ಸುಮ್ಮನಿದ್ದು, “ಹಾಗಾದರೆ ಬರಿಯ ಕಾಫಿ ಕೊಟ್ಟು ಕಳಿಸುತ್ತೀರೇನು?” ಎಂದು ನಕ್ಕರಂತೆ. ಆ ಮನೆಗೇ ಮಗಳು ಸೊಸೆಯಾಗಿ ಹೋದಳು.

ಅವರು ಸಿರಿವಂತರಾಗಲಿಲ್ಲ. ಸಾಲ ತೀರಿತು, ಮಕ್ಕಳು ಓದಿದರು, ಬಳೆಗಳು ಮರಳಿ ಹೆಂಡತಿಯ ಕೈಗೆ ಬಂದವು, ಅಷ್ಟೆ. ಅವರು ಒಮ್ಮೆ ನನಗೆ ಹೇಳಿದ ಮಾತು ಮರೆಯಲಾಗದ್ದು: “ಗಿರಣಿ ಮುಚ್ಚಿದ್ದರಿಂದ ಸಂಬಳ ಹೋಯಿತು. ಆ ನಾಲ್ಕು ತಿಂಗಳು ಕಂಬದ ಮರೆಯಲ್ಲಿ ನಿಂತೆನಲ್ಲ, ಮರ್ಯಾದೆ ಹೋದದ್ದು ಅಲ್ಲಿ.”

ಸಂಜೆ ಗಾಡಿಯ ಮುಂದೆ ನಿಂತು ಮಂಡಕ್ಕಿ ಕೈಗೆತ್ತಿಕೊಳ್ಳುವಾಗ, ಅದನ್ನು ಕೊಟ್ಟ ಕೈಯ ಒಡೆಯನ ಮುಖವನ್ನೂ ಒಮ್ಮೆ ನೋಡೋಣ. ಆ ಮುಖ ಮರೆಗೆ ಸರಿಯದಂತೆ ಮಾಡುವುದು ಕೊಳ್ಳುವ ನಮ್ಮ ಕೈಯಲ್ಲಿಯೂ ಇದೆ.